ಹೊತ್ತಿ ಉರಿದ ಹೊಳೆಯ ದಂಡೆಯಲ್ಲಿ

ತಂಗಿಯ ಮನೆ ಅಮೆರಿಕದ ಓಹಾಯೊ ರಾಜ್ಯದ ಅಕ್ರನ್‌ನಲ್ಲಿದೆ. ಅಲ್ಲಿ ಹತ್ತು ದಿನ ಇದ್ದೆ. ನನಗೆ ಬರೆಯಬೇಕು ಅನಿಸಿದ್ದು ಒಂದೇ ಒಂದು ಬೆಳಗಿನ ಬಗ್ಗೆ.

ಅಲ್ಲಿ ಹರಿಯುವ ಹೊಳೆ ಕಾಯಹೋಗ. ಸೊಟ್ಟ ಹೊಳೆ ಅಂತ ಹೆಸರಿನ ಅರ್ಥವಂತೆ. ಮೊದಲು ದಕ್ಷಿಣಕ್ಕೆ ಹರಿದು, ಅಕ್ರನ್ ಹತ್ತಿರ ತಿರುಗಿ, ಉತ್ತರಕ್ಕೆ ಹೋಗಿ ಕ್ಲೀವ್‌ಲ್ಯಾಂಡ್‌ನಲ್ಲಿ ಈರಿ ಸರೋವರ ಸೇರುತ್ತದೆ. 1969ರ ಜೂನ್ 22ರಂದು ನೀರಿನ ಮೇಲೆ ತೇಲುತ್ತಿದ್ದ ಎಣ್ಣೆಗೂ ಕಸಕ್ಕೂ ಬೆಂಕಿ ಹತ್ತಿ ಈ ಹೊಳೆ ಉರಿದಿತ್ತು. ನನ್ನ ಮನೆ ಇರುವುದು ಬೆಂಗಳೂರಿನ ಬೆಳ್ಳಂದೂರು ಕೆರೆಯ ಹತ್ತಿರ. 2018ರ ಜನವರಿಯಲ್ಲಿ ಕೆರೆಗೆ ಬೆಂಕಿ ಬಿದ್ದಾಗ ಹೊಗೆ ವಾಸನೆಗೆ ತಾರಸಿಯ ಬಟ್ಟೆಗಳನ್ನೆಲ್ಲ ಮತ್ತೆ ಒಗೆದವಳು ನಾನು. ಹಾಗಾಗಿ ಈ ಹೊಳೆ ನೋಡಲೇಬೇಕಿತ್ತು.

ಶನಿವಾರ, ಈ ಹೊಳೆಯ ಕಣಿವೆಯಲ್ಲಿರುವ ಕಾಯಹೋಗ ವ್ಯಾಲಿ ರಾಷ್ಟ್ರೀಯ ಪಾರ್ಕಿನ ಬ್ರ್ಯಾಂಡಿವೈನ್ ಜಲಪಾತಕ್ಕೆ ಹೋದೆವು. ಹನ್ನೊಂದು ಗಂಟೆಗೆ ಹೋಗಿದ್ದೇ ತಪ್ಪು. ಕಾರು ನಿಲ್ಲಿಸಲು ಜಾಗ ಸಿಗದೆ ಮುಕ್ಕಾಲು ಗಂಟೆ ಸುತ್ತಿದೆವು. ಹೋಗುವವರು ವಾರದ ದಿನ ಹೋಗಿ, ಇಲ್ಲಾ ಬೆಳಗ್ಗೆ ಒಂಬತ್ತರೊಳಗೆ ಅಲ್ಲಿರಿ. ಪಾರ್ಕಿಗೆ ಪ್ರವೇಶ ಶುಲ್ಕ ಇಲ್ಲ, ಅದೊಂದು ಸಮಾಧಾನ. ಜಲಪಾತದ ಎತ್ತರ ಸುಮಾರು 18 ಮೀಟರ್. ಜೋಗ ನೋಡಿದ ಕಣ್ಣಿಗೆ ಅಷ್ಟೇನೂ ಅನಿಸಲಿಲ್ಲ.

ಮರುದಿನ ಆರೂವರೆಗೇ ಐರಾ ಅನ್ನುವ ಕಡೆ ಕಾರು ನಿಲ್ಲಿಸಿ ಬೀವರ್ ಮಾರ್ಷ್‌ಗೆ ನಡೆದೆವು. ಹಳೆಯ ಕಾಲುವೆಯ ಪಕ್ಕದ ಜೌಗು ಅದು. ನೀರಿನ ಮೇಲೆ ಮರದ ಹಲಗೆಯ ದಾರಿ. ಎರಡೂ ಕಡೆ ನೈದಿಲೆ ಎಲೆಗಳು. ಅರ್ಧ ಮುಳುಗಿದ ಮರದ ದಿಮ್ಮಿಯ ಮೇಲೆ ಐದು ಆಮೆಗಳು ಸಾಲಾಗಿ ಕೂತಿದ್ದವು. ಕುತ್ತಿಗೆಯ ಹಳದಿ ಗೆರೆಗಳೂ ಕಾಣುವಷ್ಟು ಹತ್ತಿರ.

ಅಲ್ಲಿ ಬೈನಾಕ್ಯುಲರ್ ಹಿಡಿದು ಕೂತಿದ್ದ ಅಜ್ಜ ಒಬ್ಬರು ಮಾತಿಗೆ ಸಿಕ್ಕರು. ಕ್ಲೀವ್‌ಲ್ಯಾಂಡ್‌ನ ಉಕ್ಕಿನ ಕಾರ್ಖಾನೆಯಲ್ಲಿ ದುಡಿದವರು.

"ಈ ಜಾಗ ಏನಾಗಿತ್ತು ಗೊತ್ತಾ? ಕಾರು ರಿಪೇರಿ ಅಂಗಡಿ. ಸುತ್ತ ಬರೀ ಗುಜರಿ" ಅಂದರು.

1984ರಲ್ಲಿ ಸಿಯೆರಾ ಕ್ಲಬ್ ಅನ್ನುವ ಪರಿಸರ ಸಂಘಟನೆಯವರು ಆ ಗುಜರಿಯನ್ನೆಲ್ಲ ಎತ್ತಿ ಹಾಕಿದರಂತೆ. ಪಾರ್ಕಿನವರು ಕಾರು ನಿಲ್ಲಿಸುವ ಜಾಗ ಮಾಡಬೇಕು ಅಂದುಕೊಂಡಿದ್ದರು. ಅಷ್ಟರಲ್ಲಿ ಬೀವರ್‌ಗಳು, ಅಂದರೆ ಹಲ್ಲಿನಿಂದ ಮರ ಕಡಿಯುವ ದೊಡ್ಡ ಇಲಿಯಂಥ ಪ್ರಾಣಿಗಳು, ಕಾಲುವೆಗೆ ಕಡ್ಡಿ, ಕೆಸರಿನ ಅಣೆ ಕಟ್ಟಿ ನೀರು ನಿಲ್ಲಿಸಿಬಿಟ್ಟವು. ಆಮೇಲೆ ಯಾರೂ ಅದನ್ನು ಮುಟ್ಟಲಿಲ್ಲ. ಕೇಳಿ ನನಗೆ ಗಂಟಲು ಕಟ್ಟಿತು.

"ಹೊಳೆ ಉರಿದ ದಿನ ಊರಿನವರು ಏನಂದರು?" ಅಂತ ಕೇಳಿದೆ.

"ಯಾರೂ ಏನೂ ಅನ್ನಲಿಲ್ಲ. ಮೊದಲೂ ಎಷ್ಟೋ ಸಲ ಹೊತ್ತಿಕೊಂಡಿತ್ತು. 1952ರದ್ದು ಇದಕ್ಕಿಂತ ದೊಡ್ಡದು. ಅಭ್ಯಾಸ ಆಗಿತ್ತು, ಅದೇ ತಪ್ಪು."

2019ರಲ್ಲಿ ಈ ಹೊಳೆಯ ಮೀನು ತಿನ್ನಬಹುದು ಅಂತ ಸರ್ಕಾರ ಹೇಳಿದಾಗ ತಾವೇ ಒಂದು ಹಿಡಿದು ಹುರಿದು ತಿಂದರಂತೆ.

ನಾನು ನಮ್ಮ ಕೆರೆಯ ಕತೆ ಹೇಳಿದೆ. ನೊರೆ, ಬೆಂಕಿ, ಬೆಂಕಿ ಆರಿಸಲು ಬಂದ ಸೈನಿಕರು. ಅಜ್ಜ ಸುಮ್ಮನೆ ಕೇಳಿಸಿಕೊಂಡರು.

"ಹಕ್ಕಿ ಬರುತ್ತವಾ?"

"ಬರುತ್ತವೆ. ಬೆಳ್ಳಕ್ಕಿ, ನೀರುಕೋಳಿ."

"ಯಾವ ತಿಂಗಳಲ್ಲಿ ಜಾಸ್ತಿ?"

ಉತ್ತರ ಗೊತ್ತಿರಲಿಲ್ಲ. ಹದಿನೈದು ವರ್ಷ ಆ ಕೆರೆಯ ಪಕ್ಕದಲ್ಲೇ ಇದ್ದೇನೆ. ಅಷ್ಟರಲ್ಲಿ ಅಜ್ಜ ನನ್ನ ಮೊಣಕೈ ತಟ್ಟಿ ಬೈನಾಕ್ಯುಲರ್ ಕೈಗಿಟ್ಟರು. ನೈದಿಲೆಗಳ ನಡುವೆ ಒದ್ದೆ ಕಂದು ತಲೆಯೊಂದು, ಬಾಯಲ್ಲಿ ಎಲೆ ಇನ್ನೂ ಹಸಿರಿದ್ದ ಕೊಂಬೆ ಕಚ್ಚಿಕೊಂಡು, ಅಣೆಯ ಕಡೆ ಈಜುತ್ತಿತ್ತು.