ಫಾರಂನಲ್ಲಿ ತುಪಾಕಿಗೆ ಕಾಲಂ ಇರಲಿಲ್ಲ

ನಾನು ಮನೆ ಮನೆಗೆ ಹೋಗಿ ವಯಸ್ಸಾದವರನ್ನು ನೋಡಿಕೊಂಡು ಬರುವ ನರ್ಸ್. ಕೋಲಾರ ಜಿಲ್ಲೆ, ಓಡಾಟ ಜಾಸ್ತಿ ಶ್ರೀನಿವಾಸಪುರದ ಸುತ್ತಿನ ಹಳ್ಳಿಗಳಲ್ಲಿ. ಬಿ.ಪಿ., ಶುಗರ್, ಬೆನ್ನಿನ ಹುಣ್ಣು ಇದ್ದದ್ದೇ. ಈಚೆಗೆ ಮರೆವಿನ ಕಾಯಿಲೆಯ ಮನೆಗಳೂ ಸೇರಿಕೊಂಡಿವೆ. ಮೊದಲೆಲ್ಲ "ಅರವತ್ತಕ್ಕೆ ಅರಳುಮರಳು" ಅಂತ ಬಿಟ್ಟುಬಿಡುತ್ತಿದ್ದರು. ಈಗ ಹಾಗಿಲ್ಲ. ಬೆಂಗಳೂರಿನ ಐಐಎಸ್‌ಸಿ ಆವರಣದ ಮೆದುಳು ಸಂಶೋಧನಾ ಕೇಂದ್ರದವರು ನಮ್ಮ ತಾಲ್ಲೂಕಿನಲ್ಲೇ 45 ದಾಟಿದವರನ್ನು ವರ್ಷಗಟ್ಟಲೆ ಪರೀಕ್ಷೆ ಮಾಡುತ್ತಿದ್ದಾರೆ. ಹಾಗಾಗಿ ಡಿಮೆನ್ಷಿಯಾ ಅನ್ನುವ ಪದ ಅರಳಿಕಟ್ಟೆಯ ಮೇಲೂ ಕೇಳಿಸುತ್ತದೆ. ದೇಶದಲ್ಲಿ 60 ದಾಟಿದ ನೂರು ಜನರಲ್ಲಿ ಏಳು ಮಂದಿಗಾದರೂ ಇದು ಇದೆ ಅಂತ 2023ರಲ್ಲಿ ಬಂದ ಲೆಕ್ಕ.

ಇಂಥ ಮನೆಗೆ ಮೊದಲ ಸಲ ಹೋದಾಗ ಒಂದು ಫಾರಂ ತುಂಬುತ್ತೇನೆ. ಗ್ಯಾಸ್ ಯಾರು ಆಫ್ ಮಾಡುತ್ತಾರೆ, ಬಚ್ಚಲು ಜಾರುತ್ತಾ, ನೀರಿನ ಸಂಪ್‌ಗೆ ಮುಚ್ಚಳ ಇದೆಯಾ, ಮಾತ್ರೆ ಯಾರ ಕೈಯಲ್ಲಿದೆ, ರಾತ್ರಿ ಗೇಟಿಗೆ ಬೀಗ ಹಾಕುತ್ತಾರಾ. ಎಲ್ಲ ಕೇಳುತ್ತೇನೆ. ತುಪಾಕಿ ಇದೆಯಾ ಅಂತ ಮಾತ್ರ ಯಾವತ್ತೂ ಕೇಳಿರಲಿಲ್ಲ. ಫಾರಂನಲ್ಲೂ ಇರಲಿಲ್ಲ, ನನ್ನ ತಲೆಯಲ್ಲೂ ಇರಲಿಲ್ಲ. ಕಾಡುಹಂದಿ ಕಾಟಕ್ಕೆ ಅಂತ ಲೈಸೆನ್ಸ್ ತೆಗೆದುಕೊಂಡವರು ನಮ್ಮ ಕಡೆ ಇದ್ದಾರೆ ಅನ್ನುವುದು ಗೊತ್ತಿದ್ದೂ!

ಅದು ತಲೆಗೆ ಬಂದದ್ದು ಒಂದು ಮನೆಯಿಂದ. ಆ ಮನೆಯ ತಾತನಿಗೆ ಎಪ್ಪತ್ತಾರು. ಮಾವಿನ ತೋಪು, ಎರಡು ಹಸು, ಮಗ, ಸೊಸೆ. ಮೂರನೇ ಸಲ ಹೋದಾಗ ಸೊಸೆ ಹೇಳಿದಳು, "ಸಿಸ್ಟರ್, ಕತ್ತಲಾದರೆ ಸಾಕು, ತೋಪಿಗೆ ಕಳ್ಳರು ಬಂದವರೆ ಅಂತಾರೆ ಮಾವ. ಎದ್ದೆದ್ದು ಬಾಗಿಲಿಗೆ ಹೋಗ್ತಾರೆ." ಈ ಕಾಯಿಲೆಯಲ್ಲಿ ಇದು ಮಾಮೂಲು. ಹೊತ್ತು ಮುಳುಗುವಾಗ ಗಾಬರಿ ಜಾಸ್ತಿ, ಯಾರೋ ಕದಿಯುತ್ತಿದ್ದಾರೆ ಅನ್ನುವ ಅನುಮಾನ ಜಾಸ್ತಿ. ನಾನು ನೋಟ್ ಬರೆದುಕೊಂಡೆ. ಸಂಜೆಗೆ ಮುಂಚೆ ಲೈಟ್ ಹಾಕಿ, ಮಧ್ಯಾಹ್ನ ಜಾಸ್ತಿ ಮಲಗಲು ಬಿಡಬೇಡಿ, ಎದುರು ವಾದ ಮಾಡಬೇಡಿ ಅಂತ ಹೇಳಿ ಬಂದೆ. ನನ್ನ ಕೆಲಸ ಆಯಿತು ಅಂದುಕೊಂಡೆ.

ನಾಲ್ಕನೇ ಸಲ ಹೋದಾಗ ತಾತ ಜಗಲಿ ಮೇಲೆ ಕೂತಿದ್ದರು. "ಊಟ ಆಯ್ತೇನಮ್ಮ?" ಅಂದರು. ಆಯ್ತು ತಾತ ಅಂದೆ. ಐದು ನಿಮಿಷಕ್ಕೆ ಮತ್ತೆ ಅದೇ. ಮೂರನೇ ಸಲವೂ ಅದೇ. ಅಂಗಿಯ ಗುಂಡಿ ಹಾಕಿಕೊಳ್ಳಲು ಹೋಗಿ ಒಂದು ತೂತು ತಪ್ಪಿತು. ಬಿಚ್ಚಿದರು, ಹಾಕಿದರು, ಮತ್ತೆ ತಪ್ಪಿತು, ಬಿಟ್ಟುಬಿಟ್ಟರು. ಆಮೇಲೆ ಏನು ಹೊಳೆಯಿತೋ ಎದ್ದು ಒಳಗೆ ಹೋದರು. ದೇವರ ಫೋಟೋ ಹಿಂದೆ ಕೈ ಹಾಕಿ ಬೀಗದ ಕೈ ತೆಗೆದರು. ಬೀರು ತೆಗೆದರು. ಒಂಟಿನಳಿಗೆಯ ತುಪಾಕಿ ಈಚೆ ಬಂತು. ಹೆಬ್ಬೆರಳಲ್ಲಿ ಕೀಲು ಒತ್ತಿದರು, ನಳಿಗೆ ಬಗ್ಗಿತು, ಒಂದು ಕಣ್ಣು ಮುಚ್ಚಿ ಒಳಗೆ ನೋಡಿದರು, ಇನ್ನೊಂದು ಕೈ ಆಗಲೇ ಬನಿಯನ್ ಜೇಬಿನಲ್ಲಿ ತೋಟಾ ಹುಡುಕುತ್ತಿತ್ತು. ಎಲ್ಲೂ ತಡವರಿಸಲಿಲ್ಲ. ಗುಂಡಿ ಹಾಕಲು ಬಾರದ ಅದೇ ಬೆರಳುಗಳು!

ಜೇಬಿನಲ್ಲಿ ಬೀಡಿ ಕಟ್ಟು ಬಿಟ್ಟು ಏನೂ ಇರಲಿಲ್ಲ, ಪುಣ್ಯಕ್ಕೆ.

ಇದನ್ನು ನಾನು ಪಾಠದಲ್ಲಿ ಓದಿದ್ದೆ. ಬೆಳಗ್ಗೆ ತಿಂದ ತಿಂಡಿ ನೆನಪಿಟ್ಟುಕೊಳ್ಳುವ ಜಾಗವೇ ಬೇರೆ, ಕೈಗೆ ರೂಢಿಯಾದ ಕೆಲಸ ಇರುವ ಜಾಗವೇ ಬೇರೆ. ಮೊದಲನೆಯದು ಬೇಗ ಹೋಗುತ್ತದೆ, ಎರಡನೆಯದು ತುಂಬ ದಿನ ಉಳಿಯುತ್ತದೆ. ಸೈಕಲ್ ತುಳಿಯುವುದು, ಹಾಲು ಕರೆಯುವುದು ಮರೆಯಲ್ಲ ಅಂತ ಮೇಷ್ಟ್ರು ಉದಾಹರಣೆ ಕೊಟ್ಟಿದ್ದರು. ಮನೆಯವರ ಲೆಕ್ಕ ಉಲ್ಟಾ ಇತ್ತು. "ಅಪ್ಪನಿಗೆ ಈಗ ಅದೆಲ್ಲ ಎಲ್ಲಿ ನೆನಪಿರುತ್ತೆ" ಅಂತ ಸುಮ್ನೆ ಇದ್ದರು. ಬೀಗದ ಕೈ ಬಚ್ಚಿಟ್ಟಿದ್ದೇವೆ ಅಂದರು. ಬಚ್ಚಿಟ್ಟ ಜಾಗವನ್ನು ನಲವತ್ತು ವರ್ಷದ ಹಿಂದೆ ಹುಡುಕಿದ್ದೇ ತಾತ, ಅಲ್ವಾ?

ಆವತ್ತು ಮಗ ಇನ್ನೊಂದು ವಿಷಯ ಹೇಳಿದ, ತಲೆ ತಗ್ಗಿಸಿಕೊಂಡು. ಮಾವಿನ ಸೀಸನ್‌ನಲ್ಲಿ ಮಂಡಿ ಕೆಲಸ ಮುಗಿಸಿ ರಾತ್ರಿ ಒಂದು ಗಂಟೆಗೆ ಬಂದಿದ್ದಾನೆ. ಗಾಡಿ ಲೈಟ್ ಆಫ್ ಮಾಡಿ ಅಂಗಳಕ್ಕೆ ಕಾಲಿಟ್ಟರೆ ಬಾಗಿಲಲ್ಲಿ ಅಪ್ಪ, ಕೈಯಲ್ಲಿ ತುಪಾಕಿ. "ಯಾರೋ ಅದು?" ನಾನೇ ಅಪ್ಪಯ್ಯ ಅಂದರೆ, "ನನ್ನ ಮಗ ಮಂಡಿಗೆ ಹೋಗವ್ನೆ, ನೀನ್ಯಾರು?" ಅಂದರಂತೆ. ಸೊಸೆ ಹಿಂದಿನಿಂದ ಬಂದು "ಮಾವ, ಕಾಫಿ" ಅಂದಿದ್ದಕ್ಕೆ ತುಪಾಕಿ ಗೋಡೆಗೆ ಒರಗಿಸಿ ಒಳಗೆ ಹೋಗಿದ್ದಾರೆ. ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ನೀವು ಕೇಳಲಿಲ್ಲ. ಪೊಲೀಸು ಗೀಲಿಸು ಅಂತ ಭಯ. ಲೈಸೆನ್ಸ್ ಕಿತ್ಕೊಂಡರೆ ಊರಲ್ಲಿ ಅಪ್ಪನ ಮರ್ಯಾದೆ ಏನು?" ಈ ಭಯ ಸುಳ್ಳಲ್ಲ. ಮನಸ್ಸು ಸ್ಥಿಮಿತದಲ್ಲಿ ಇಲ್ಲದವರ ಲೈಸೆನ್ಸ್ ರದ್ದು ಮಾಡಲು 1959ರ ಶಸ್ತ್ರಾಸ್ತ್ರ ಕಾಯಿದೆಯಲ್ಲೇ ದಾರಿ ಇದೆ.

ಮಗನ ಮೊದಲ ಯೋಚನೆ, ಪಕ್ಕದೂರಿನ ಭಾವಮೈದುನನ ಮನೆಯಲ್ಲಿ ಇಟ್ಟುಬಿಡುವುದು. ಎಲ್ಲರಿಗೂ ಮೊದಲು ಹೊಳೆಯುವುದು ಅದೇ. ಅದು ತಪ್ಪು. ಲೈಸೆನ್ಸ್ ಇಲ್ಲದವನ ಮನೆಯಲ್ಲಿ ತುಪಾಕಿ ಸಿಕ್ಕರೆ, ಬರೀ ತೋಟಾ ಸಿಕ್ಕರೂ, ಕೇಸ್ ಆಗುವುದು ಭಾವಮೈದುನನ ಮೇಲೆ. ಸ್ಟೇಷನ್‌ನಲ್ಲಿ ಡಿಪಾಸಿಟ್ ಮಾಡಬಹುದು. ಇಲ್ಲದಿದ್ದರೆ ಇಟ್ಟುಕೊಳ್ಳಲು ಪರವಾನಗಿ ಇರುವ ಬಂದೂಕು ಡೀಲರ್ ಹತ್ತಿರ ಬಿಡಬಹುದು. ಹೇಳದೆ ಕೇಳದೆ ಬೈಕಿನಲ್ಲಿ ಹಾಕಿಕೊಂಡು ಹೋಗಬೇಡ, ಮೊದಲು ಸ್ಟೇಷನ್‌ಗೆ ಫೋನ್ ಮಾಡು, ಅವರು ಹೇಳಿದ ಹಾಗೆ ಅಪ್ಪನನ್ನೂ ಲೈಸೆನ್ಸ್ ಪುಸ್ತಕವನ್ನೂ ಜೊತೆಗೆ ಕರೆದುಕೊಂಡು ಹೋಗು ಅಂದೆ.

ನಡುವೆ ಎರಡು ರಾತ್ರಿ ಇತ್ತು. ಬೀರುವಿಗೆ ಹೊಸ ಬೀಗ, ಬೀಗದ ಕೈ ಮಗನ ಉಡಿದಾರದಲ್ಲಿ. ತುಪಾಕಿ ಖಾಲಿ ಇದೆಯಾ ಅಂತ ಮಗನೇ ನೋಡಿದ, ಅವನಿಗೆ ಗೊತ್ತಿತ್ತು. ಗೊತ್ತಿಲ್ಲದವರು ಮುಟ್ಟಲೇಬಾರದು. ಅದರಲ್ಲೂ ಬಾಯಿಂದ ಮದ್ದು ತುಂಬುವ ಹಳೇ ತುಪಾಕಿಯಲ್ಲಿ ಒಳಗೆ ಏನಿದೆ ಅಂತ ಹೊರಗಿಂದ ಗೊತ್ತಾಗುವುದಿಲ್ಲ. ತೋಟಾಗಳು ಬೇರೆ ಕೋಣೆಯ ಟ್ರಂಕಿನಲ್ಲಿ, ಬೇರೆ ಬೀಗದಲ್ಲಿ. ಅದೇ ಟ್ರಂಕಿಗೆ ಮಾವಿಗೆ ಹೊಡೆಯುವ ಔಷಧಿ ಬಾಟಲಿಗಳನ್ನೂ ಹಾಕಿಸಿದೆ. ನಿಜ ಹೇಳಬೇಕೆಂದರೆ ನಮ್ಮ ಹಳ್ಳಿಗಳಲ್ಲಿ ನನಗೆ ತುಪಾಕಿಗಿಂತ ಆ ಬಾಟಲಿಗಳದ್ದೇ ಚಿಂತೆ. ಕಾಯಿಲೆ ಶುರುವಿನಲ್ಲಿ ತಮಗೇನಾಗುತ್ತಿದೆ ಅಂತ ಅವರಿಗೆ ಗೊತ್ತಾಗುತ್ತಿರುತ್ತದೆ. ಆ ಬೇಸರದ ದಿನಗಳಲ್ಲಿ ಎರಡೂ ಕೈಗೆ ಸಿಗಬಾರದು. ಅಂಥ ಹೊತ್ತಿನಲ್ಲಿ ಮನೆಯವರು ಮಾತಾಡಲು 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನು ತಾತನನ್ನು ಒಪ್ಪಿಸಬೇಕಲ್ಲ. "ನಿಮಗೆ ಮರೆವು, ಅದಕ್ಕೆ ಕೊಡಿ" ಅಂದರೆ ಯಾರು ಕೊಡುತ್ತಾರೆ? ದಾರಿ ತೋರಿಸಿದ್ದು ಸೊಸೆ. "ಮಾವ, ಎಲೆಕ್ಷನ್ ಬಂತು. ತುಪಾಕಿ ಸ್ಟೇಷನ್‌ಗೆ ಕೊಡಬೇಕಂತೆ." ತಾತ ತಕ್ಷಣ ಎದ್ದರು. ಎಷ್ಟೋ ಎಲೆಕ್ಷನ್‌ಗೆ ಕೊಟ್ಟು ವಾಪಸ್ ತಂದವರು. ಬಿಳಿ ಪಂಚೆ ಉಟ್ಟು, ಲೈಸೆನ್ಸ್ ಪುಸ್ತಕ ತಾವೇ ಹಿಡಿದುಕೊಂಡು ಮಗನ ಜೊತೆ ಹೋದರು. ರಸೀದಿ ಇಸಿದುಕೊಂಡು ಮಡಚಿ ಜೇಬಿಗೆ ಹಾಕಿದರು. ಸುಳ್ಳು ಹೇಳಿದ್ದು ಸರಿಯಾ ಅಂತ ನಮ್ಮ ಆಫೀಸಿನಲ್ಲಿ ಒಬ್ಬರು ಕೇಳಿದರು. ತಲೆ ಎತ್ತಿಕೊಂಡು ಕೊಟ್ಟು ಬಂದರಲ್ಲ, ನನಗೆ ಅಷ್ಟು ಸಾಕು. ಎರಡು ವರ್ಷ ಮೊದಲೇ, ತಾತನಿಗೆ ಬುದ್ಧಿ ಚೆನ್ನಾಗಿದ್ದಾಗಲೇ ಕೂತು ಮಾತಾಡಿದ್ದರೆ ಈ ಸುಳ್ಳೂ ಬೇಕಿರಲಿಲ್ಲ. 2016ರ ಶಸ್ತ್ರಾಸ್ತ್ರ ನಿಯಮದ ಪ್ರಕಾರ ಲೈಸೆನ್ಸ್ ಇರುವವರಿಗೆ 70 ತುಂಬಿದರೆ, ಇಲ್ಲವೇ ತುಪಾಕಿ ಇಟ್ಟುಕೊಂಡು 25 ವರ್ಷ ಆದರೆ, ವಾರಸುದಾರರ ಹೆಸರಿಗೆ ಕೊಡಿಸಲು ಅರ್ಜಿ ಹಾಕಬಹುದು. ಮಗ ಈಗ ಅದನ್ನು ಕೇಳುತ್ತಿದ್ದಾನೆ. ಹಾಕು, ಆದರೆ ತಾತ ಇರುವವರೆಗೆ ಅದು ಈ ಮನೆಗೆ ಬರುವುದು ಬೇಡ ಅಂದಿದ್ದೇನೆ.

ನನ್ನ ಫಾರಂನ ಮಾರ್ಜಿನ್‌ನಲ್ಲಿ ಈಗ ಪೆನ್ನಲ್ಲೇ ಒಂದು ಸಾಲು ಬರೆದುಕೊಂಡಿದ್ದೇನೆ. ಬಚ್ಚಲಿನ ಪ್ರಶ್ನೆ ಆದಮೇಲೆ ಅದೇ ದನಿಯಲ್ಲಿ, "ಮನೇಲಿ ತುಪಾಕಿ ಇದೆಯಾ? ಬೀಗದ ಕೈ ಯಾರ ಹತ್ರ?" ಇದುವರೆಗೆ ಯಾರೂ ಬೇಜಾರು ಮಾಡಿಕೊಂಡಿಲ್ಲ. ಇನ್ನೆರಡು ಮನೆಯಲ್ಲಿ "ಇದೆ" ಅಂದರು.

ಹೋದ ವಾರ ಹೋಗಿದ್ದೆ. ತಾತ ಜೇಬಿನಿಂದ ರಸೀದಿ ತೆಗೆದು ನೋಡಿ ಸೊಸೆಯನ್ನು ಕೂಗಿದರು. "ಎಲೆಕ್ಷನ್ ಮುಗೀತೇನಮ್ಮ?"

"ಇಲ್ಲ ಮಾವ, ಇನ್ನೂ ಎಣಿಕೆ ಆಗಿಲ್ಲ."

"ಓಹೋ" ಅಂದು ಮಡಚಿ ಒಳಗಿಟ್ಟುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಊಟ ಆಯ್ತೇನಮ್ಮ?"