ಕ್ರಾಂತಿ ಮಲಗುವ ಕೋಣೆಗೆ ಬಂದಾಗ

ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಸುಮ್ನೆ ರಷ್ಯಾದ ಇತಿಹಾಸ ಓದುತ್ತಾ ಕೂತೆ. ಈಗ ಅದೇ ತಲೆಯಲ್ಲಿ ಸುತ್ತುತ್ತಿದೆ.

1917ರ ಕ್ರಾಂತಿಯಲ್ಲಿ ಬೊಲ್ಶೆವಿಕರು, ಅಂದರೆ ಲೆನಿನ್‌ನ ಕಮ್ಯುನಿಸ್ಟರು, ಅಧಿಕಾರ ಹಿಡಿದರು. ತ್ಸಾರ್ ದೊರೆಗಳ ಕಾಲದ ಕಾನೂನನ್ನೆಲ್ಲ ಎತ್ತಿ ಬಿಸಾಡಿದರು. ಗಂಡಸರ ನಡುವಿನ ಸಂಬಂಧ ಅಪರಾಧ ಅನ್ನುವ ಕಲಮೂ ಅದರ ಜೊತೆಗೇ ಹೋಯಿತು. 1922ರ ಹೊಸ ದಂಡಸಂಹಿತೆಯಲ್ಲಿ ಅದು ಇರಲೇ ಇಲ್ಲ. ಗರ್ಭಪಾತಕ್ಕಂತೂ 1920ರಲ್ಲೇ ಅನುಮತಿ ಸಿಕ್ಕಿತ್ತು. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ, ಅಲ್ವಾ?

ಆಮೇಲೆ ಸ್ಟಾಲಿನ್ ಬಂದ. 1934ರಲ್ಲಿ ಅದೇ ಸಂಬಂಧಕ್ಕೆ 5 ವರ್ಷದವರೆಗೆ ಜೈಲು. 1936ರಲ್ಲಿ ಗರ್ಭಪಾತಕ್ಕೆ ನಿಷೇಧ. ದೇಶಕ್ಕೆ ಜಾಸ್ತಿ ಮಕ್ಕಳು ಬೇಕಿತ್ತು, ಅಷ್ಟೇ. ಗರ್ಭಪಾತದ ನಿಷೇಧ 1955ರಲ್ಲಿ ಹೋಯಿತು. ಆದರೆ ಸಲಿಂಗಿಗಳ ಮೇಲಿನ ಕಾನೂನು 1993ರವರೆಗೂ ಉಳಿಯಿತು. ಅಂದರೆ ಸೋವಿಯತ್ ಒಕ್ಕೂಟವೇ ಸತ್ತರೂ ಅದು ಸಾಯಲಿಲ್ಲ!

ಫ್ರಾನ್ಸಿನವರದು ಇನ್ನೊಂದು ರೀತಿ. ಅವರ ಕ್ರಾಂತಿಯ ಕಾಲದಲ್ಲಿ, 1791ರ ದಂಡಸಂಹಿತೆ ಬರೆಯುವಾಗ ಸಲಿಂಗ ಸಂಬಂಧವನ್ನು ಅಪರಾಧ ಎಂದು ಸೇರಿಸಲೇ ಇಲ್ಲ. ಗದ್ದಲವೇ ಇಲ್ಲ. ನನಗೆ ಇದೇ ಹೆಚ್ಚು ಇಷ್ಟವಾಯಿತು.

ಕ್ಯೂಬಾದ ಕಥೆ ಓದಿದಾಗ ಮಾತ್ರ ಹೊಟ್ಟೆ ಕಿವುಚಿದಂತಾಯಿತು. ಅಲ್ಲಿ ಕ್ರಾಂತಿ ಮಾಡಿ, "ಹೊಸ ಮನುಷ್ಯ"ನನ್ನು ಕಟ್ಟುತ್ತೇವೆ ಎಂದವರು 1965ರಿಂದ ಸಲಿಂಗಿ ಗಂಡಸರನ್ನು ದುಡಿಮೆಯ ಶಿಬಿರಗಳಿಗೆ ತುಂಬಿದರು. 2010ರಲ್ಲಿ ಆ ಕ್ರಾಂತಿಯ ನಾಯಕ ಫಿಡೆಲ್ ಕ್ಯಾಸ್ಟ್ರೋ ಒಂದು ಸಂದರ್ಶನದಲ್ಲಿ ಆ ಅನ್ಯಾಯದ ಹೊಣೆ ತನ್ನದೇ ಎಂದು ಒಪ್ಪಿಕೊಂಡ. 2022ರಲ್ಲಿ ಅದೇ ದೇಶದ ಜನ ಸಲಿಂಗ ಮದುವೆಗೆ ಓಟು ಹಾಕಿ ಒಪ್ಪಿಗೆ ಕೊಟ್ಟರು.

ಶಿಬಿರದಿಂದ ಬದುಕಿ ಬಂದ ಎಷ್ಟು ಮುದುಕರು ಆ ದಿನ ಸಾಲಿನಲ್ಲಿ ನಿಂತಿದ್ದರೋ.