ತೂಫಾನು ನಮ್ಮೂರಿಗೆ ಬಡಿಯಲೇ ಇಲ್ಲ, ಮನೆ ಮಾತ್ರ ಹೋಯಿತು

ತೌಕ್ತೆ ಚಂಡಮಾರುತ ಅಂದ ತಕ್ಷಣ ಬೆಂಗಳೂರಿನ ನನ್ನ ಗೆಳೆಯರಿಗೆ ಗುಜರಾತ್ ನೆನಪಾಗುತ್ತದೆ. ತಪ್ಪೇನಿಲ್ಲ. 2021ರ ಮೇ 17ರ ರಾತ್ರಿ ಅದು ನೆಲ ಮುಟ್ಟಿದ್ದು ಅಲ್ಲೇ, ದಿಯು ಮತ್ತು ಊನಾ ನಡುವೆ, ಗಂಟೆಗೆ 160-170 ಕಿಲೋಮೀಟರ್ ಗಾಳಿಯ ಜೊತೆ. ಟೀವಿಯವರ ಗಮನವೆಲ್ಲ ಅಲ್ಲೇ ಇತ್ತು. ಅದಕ್ಕೆ ಎರಡು ದಿನ ಮೊದಲು ಅದೇ ತೂಫಾನು ನಮ್ಮ ಕಡಲಲ್ಲಿ ದಡದಿಂದ ದೂರ, ಉತ್ತರಕ್ಕೆ ಹಾದುಹೋಯಿತಲ್ಲ, ಆ ಕಥೆ ಹೇಳಿದರೆ "ನಿಮ್ಮಲ್ಲೂ ಬಂದಿತ್ತಾ?" ಅಂತ ಕೇಳುತ್ತಾರೆ. ಬಂದಿರಲಿಲ್ಲ ಮಾರಾಯ್ರೆ. ಬರದೇ ಇದ್ದದ್ದಕ್ಕೇ ಇಷ್ಟಾಯಿತು.

ಲಾಕ್‌ಡೌನ್ ಸಮಯ ಅದು, ಕೊರೋನಾ ಎರಡನೇ ಅಲೆ. ನಾನು ಆಫೀಸಿನ ಲ್ಯಾಪ್‌ಟಾಪ್ ಕಟ್ಟಿಕೊಂಡು ಊರಲ್ಲೇ ಇದ್ದೆ. ಊರು ಅಂದರೆ ಉಡುಪಿ ಜಿಲ್ಲೆಯ ಮರವಂತೆ ಹತ್ತಿರ. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ, ನಡುವೆ ಹೆದ್ದಾರಿ 66, ಎಲ್ಲರೂ ಕಾರು ನಿಲ್ಲಿಸಿ ಫೋಟೋ ತೆಗೆಯುತ್ತಾರಲ್ಲ, ಆ ಕಡೆ. ನಮ್ಮ ಮನೆ ಸ್ವಲ್ಪ ಒಳಗೆ. ಚಿಕ್ಕಿ, ಅಂದರೆ ಅಮ್ಮನ ತಂಗಿ, ಅವಳ ಮನೆ ಕಡಲ ಬದಿಗೇ. ಹಿತ್ತಿಲು ದಾಟಿದರೆ ತೆಂಗಿನಮರದ ಸಾಲು, ಆಮೇಲೆ ದೋಣಿ ಎಳೆದಿಡುವ ಜಾಗ, ಆಮೇಲೆ ಕಲ್ಲಿನ ತಡೆಗೋಡೆ, ಆಮೇಲೆ ನೀರು.

ಮುನ್ಸೂಚನೆ ಚೆನ್ನಾಗೇ ಬಂದಿತ್ತು, ಅದನ್ನು ಒಪ್ಪಬೇಕು. ಕಡಲಿಗೆ ಇಳಿಯಬೇಡಿ ಅಂತ ಮೊದಲೇ ಹೇಳಿದ್ದರು. ಹೊರಗೆ ಹೋದ ಬೋಟುಗಳು ವಾಪಸ್ ಬಂದವು. 2017ರಲ್ಲಿ ಓಖಿ ಬಂದಾಗ ಕೇರಳ, ಕನ್ಯಾಕುಮಾರಿ ಕಡೆಯ ಎಷ್ಟೋ ಮೀನುಗಾರರು ಕಡಲಲ್ಲೇ ಹೋದರು, ಆ ನೆನಪು ಇಲ್ಲಿಯವರಿಗೂ ಇತ್ತು, ಹಾಗಾಗಿ ಈ ಸಲ ಯಾರೂ ಹಟ ಮಾಡಲಿಲ್ಲ. ಆದರೆ ಎಚ್ಚರಿಕೆ ಎಲ್ಲ ನೀರಿಗೆ ಇಳಿಯುವವರಿಗೆ. ನೀರೇ ಮೇಲೆ ಬಂದರೆ ಏನು ಮಾಡಬೇಕು ಅಂತ ಯಾರೂ ಬಂದು ಹೇಳಿದ್ದಿಲ್ಲ.

ಶನಿವಾರ, ಮೇ 15. ಬೆಳಿಗ್ಗೆಯಿಂದಲೇ ಗಾಳಿ ಒಂದೇ ಸಮನೆ. ಮಳೆ ಬಿಡದೆ ಹೊಡೆಯುತ್ತಿತ್ತು. ನಾವು ಹುಟ್ಟಿದಾಗಿನಿಂದ ಮಳೆಗಾಲದ ಕಡಲು ನೋಡಿದವರು, ಆಷಾಢದ ಅಬ್ಬರ ನಮಗೆ ಹೊಸದಲ್ಲ. ಇದು ಬೇರೆ ಥರ ಇತ್ತು. ಹುಣ್ಣಿಮೆ ಅಮಾವಾಸ್ಯೆಯ ದೊಡ್ಡ ಭರತವೂ ಅಲ್ಲ, ಅಮಾವಾಸ್ಯೆ ಕಳೆದು ನಾಲ್ಕು ದಿನ ಆಗಿತ್ತು. ಆದ್ರೂ ನೀರು ಇಳಿಯುತ್ತಲೇ ಇರಲಿಲ್ಲ. ಇಳಿತದ ಹೊತ್ತಲ್ಲೂ ಅಲೆ ತಡೆಗೋಡೆಯ ಮೇಲೆ ಹತ್ತುತ್ತಿತ್ತು. ದೂರದಲ್ಲಿ ತಿರುಗುವ ಗಾಳಿ ಅಷ್ಟೂ ನೀರನ್ನು ದಡಕ್ಕೆ ನೂಕಿ ಹಿಡಿದಿಟ್ಟಿತ್ತು.

ತಡೆಗೋಡೆ ಹೇಗೆ ಹೋಗುತ್ತದೆ ಅಂತ ಅವತ್ತು ಕಣ್ಣಾರೆ ನೋಡಿದೆ. ಅಲೆ ಬಂದು ಕಲ್ಲನ್ನು ಎತ್ತಿ ಎಸೆಯುತ್ತದೆ ಅಂದುಕೊಳ್ಳುತ್ತೇವೆ. ಹಾಗಲ್ಲ. ಅಲೆ ವಾಪಸ್ ಹೋಗುವಾಗ ಕಲ್ಲಿನ ಬುಡದ ಮರಳನ್ನು ಎಳೆದುಕೊಂಡು ಹೋಗುತ್ತದೆ. ಒಂದು ಅಲೆ, ಇನ್ನೊಂದು ಅಲೆ. ಸ್ವಲ್ಪ ಹೊತ್ತಿಗೆ ಆನೆ ಗಾತ್ರದ ಕಲ್ಲು ತಾನಾಗಿಯೇ ಒಂದು ಬದಿಗೆ ವಾಲಿ ಕುಸಿದು ಕೂರುತ್ತದೆ. ಆಮೇಲೆ ಅದರ ಹಿಂದಿನದು. ಗೋಡೆಯಲ್ಲಿ ಒಂದು ಕಡೆ ತಗ್ಗಾಯಿತು ಅಂದರೆ ಮುಗಿಯಿತು, ಬರುವ ಅಲೆಯೆಲ್ಲ ಅಲ್ಲೇ ನುಗ್ಗುತ್ತದೆ. ಚಿಕ್ಕಿಯ ಹಿತ್ತಿಲಿನ ಎದುರೇ ಆ ತಗ್ಗು ಆಯಿತು.

ತೆಂಗಿನಮರ ಬೀಳಲು ಬಹಳ ಹೊತ್ತು ತೆಗೆದುಕೊಳ್ಳುತ್ತದೆ. ಮೊದಲು ಕಡಲ ಕಡೆಯ ಬೇರು ಹೊರಗೆ ಕಾಣಿಸಿತು, ಕೆಂಪು ಕೆಂಪು ದಾರದ ಗೊಂಚಲು. ಅದರಡಿಯ ಮರಳು ಹಿಡಿ ಹಿಡಿಯಾಗಿ ಜಾರುತ್ತಿತ್ತು. ಮರ ವಾಲಿತು, ನಿಂತಿತು, ಮತ್ತೆ ವಾಲಿತು. ಚಿಕ್ಕಪ್ಪ ಕಾಯಿ ಕೀಳಲು ಹೋಗಬೇಕು ಅಂತ ಹೊರಟರು! ಅಂಥ ಹೊತ್ತಲ್ಲೂ! ಮಗ ಕೈ ಹಿಡಿದು ಎಳೆದುಕೊಂಡ. "ಹೋಪ ಅಪ್ಪಯ್ಯ, ಈಗ್ಲೇ ಹೋಪ" ಅಂತ ಅವನು, "ತಡಿ, ಕಾಂಬ" ಅಂತ ಇವರು. ಮರ ಬಿದ್ದ ಮೇಲೆ ಇಬ್ಬರೂ ಮಾತಾಡಲಿಲ್ಲ.

ಶಾಲೆಯಲ್ಲಿ ಕಾಳಜಿ ಕೇಂದ್ರ ತೆರೆದಿದ್ದರು. ಚಿಕ್ಕಿ ಬರಲ್ಲ ಅಂದಳು. ಕೊರೋನಾದ ಭಯ, ಚಿಕ್ಕಪ್ಪನಿಗೆ ಬೇರೆ ಸಕ್ಕರೆ ಕಾಯಿಲೆ. ಕಡಲಿಗೆ ಹೆದರಬೇಕಾ ಮಾಸ್ಕ್ ಇಲ್ಲದೆ ಕೆಮ್ಮುವವನಿಗೆ ಹೆದರಬೇಕಾ ಅನ್ನುವ ಲೆಕ್ಕಾಚಾರ ಮಾಡಬೇಕಾದ ವರ್ಷ ಅದು. ಕೊನೆಗೆ ನಮ್ಮ ಮನೆಗೆ ಬಂದರು. ರೇಷನ್ ಕಾರ್ಡ್, ಆಧಾರ್, ಮಗನ ಮಾರ್ಕ್ಸ್ ಕಾರ್ಡ್ ಎಲ್ಲ ಒಂದು ಪ್ಲಾಸ್ಟಿಕ್ ತೊಟ್ಟೆಯಲ್ಲಿ, ಗ್ಯಾಸ್ ಸಿಲಿಂಡರ್ ಸ್ಕೂಟರಿನ ಎದುರಲ್ಲಿ, ಮಳೆಗಾಲಕ್ಕೆ ಅಂತ ಇಟ್ಟಿದ್ದ ಒಣ ಸಿಗಡಿಯ ಡಬ್ಬ ಚಿಕ್ಕಿಯ ಕಂಕುಳಲ್ಲಿ. ಬಲೆಯನ್ನು ಚಿಕ್ಕಪ್ಪ ಮತ್ತು ಅಕ್ಕಪಕ್ಕದವರು ಸೇರಿ ರಸ್ತೆಗೆ ಹೊತ್ತು ತಂದರು. ದೋಣಿ ಎಳೆಯಲು ಆಗ ಬರಬೇಕಾದಷ್ಟು ಜನ ಬಂದೇ ಬಂದರು, ಲಾಕ್‌ಡೌನ್ ಗೀಕ್‌ಡೌನ್ ಯಾರೂ ನೋಡಲಿಲ್ಲ.

ಕರೆಂಟು ಮಧ್ಯಾಹ್ನವೇ ಹೋಗಿತ್ತು. ಸಂಜೆಗೆ ಮೊಬೈಲ್ ಟವರ್ ಕೂಡ. ರಾತ್ರಿ ನಮ್ಮ ಮಾಡಿನ ಹಂಚು ಒಂದೊಂದೇ ಎದ್ದು ಕೂರುವ ಸದ್ದು. ಹಂಚು ಹಾರುವ ಮೊದಲು ಟಕಟಕ ಅನ್ನುತ್ತದೆ, ಮಾಡು ಹಲ್ಲು ಕಡಿಯುತ್ತಿದೆಯೋ ಅನ್ನಿಸುವ ಹಾಗೆ. ರೀಪು ಹಳೆಯದಾದ ಕಡೆ ಮೂಲೆಯಿಂದ ಶುರುವಾಗಿ ಒಂದು ಸಾಲು ಹೋಯಿತು. ನಾವು ಇದ್ದಬದ್ದ ಚರಿಗೆ, ಬಾಲ್ದಿ ಎಲ್ಲ ಅಡಿಗೆ ಇಟ್ಟು ಕೂತೆವು. ಭಾನುವಾರ ಗೊತ್ತಾದದ್ದು: ಹೊಳೆಯಾಚೆ ನಾಡ ಗ್ರಾಮದಲ್ಲಿ 24 ಗಂಟೆಯಲ್ಲಿ 385 ಮಿಲಿಮೀಟರ್ ಮಳೆ. ಬೆಂಗಳೂರಿಗೆ ಇಡೀ ವರ್ಷ ಬೀಳುವ ಮಳೆಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ, ಒಂದೇ ದಿನದಲ್ಲಿ. ಅದೂ ಮೇ ತಿಂಗಳಲ್ಲಿ.

ಫೋನ್ ಚಾರ್ಜ್ ಆದ ಮೇಲೆ ಉಳಿದ ಸುದ್ದಿ ನೋಡಿದೆವು. ಕಾಪು ಕಡೆ ಬಂಡೆಗೆ ಸಿಕ್ಕಿಬಿದ್ದ ಟಗ್ (ದೊಡ್ಡ ಹಡಗು ಎಳೆಯುವ ಬೋಟು) ಒಂದರಿಂದ 9 ಜನರನ್ನು ಸೋಮವಾರ ನೌಕಾಪಡೆ ಮತ್ತು ಕೋಸ್ಟ್ ಗಾರ್ಡ್‌ನವರು ಪಾರುಮಾಡಿದರು. ಮುಂಬೈ ಹತ್ತಿರ ಕೆಲಸಗಾರರಿದ್ದ ಬಾರ್ಜ್ (ಚಪ್ಪಟೆ ತಳದ ದೊಡ್ಡ ಹಡಗು) ಮುಳುಗಿದ್ದು ಅದೇ ದಿನ. ಅಲ್ಲಿ, ಒಂದು ಟಗ್ಗಿನವರೂ ಸೇರಿ, 80ಕ್ಕೂ ಹೆಚ್ಚು ಜನ ಸತ್ತರು. ಅದರ ಮುಂದೆ ನಮ್ಮದು ಏನೂ ಅಲ್ಲ ಅಂತ ಅಪ್ಪ ಹೇಳಿದರು. ನಿಜ. ಆದರೆ ಚಿಕ್ಕಿಗೆ ಅದು ಸಮಾಧಾನ ಆಗಲಿಲ್ಲ.

ಅವಳ ಮನೆಯ ಹಿಂದಿನ ಅರ್ಧ ಹೋಗಿತ್ತು. ಬಚ್ಚಲು ಇಲ್ಲ. ಅಡುಗೆಮನೆಯ ಸಿಮೆಂಟು ನೆಲದ ತುದಿ ಗಾಳಿಯಲ್ಲಿ ಚಾಚಿಕೊಂಡು ನಿಂತಿತ್ತು, ಅಡಿಯಲ್ಲಿ ಮರಳೇ ಇಲ್ಲ. ಬಾವಿ ಉಳಿದಿತ್ತು, ನೀರು ಉಪ್ಪು. ನೀರು ಖಾಲಿ ಮಾಡಿಸಿ ಬ್ಲೀಚಿಂಗ್ ಪೌಡರ್ ಹಾಕಿದ್ದಾಯಿತು, ಚಹಾಕ್ಕೆ ಇಟ್ಟರೆ ಹಾಲು ಒಡೆಯುತ್ತಿತ್ತು. "ಗಂಜಿಗೆ ಉಪ್ಪು ಹಾಕುವ ಕೆಲಸ ಒಂದು ಉಳಿಯಿತು" ಅಂತ ಚಿಕ್ಕಿ ನಗೆಯಾಡಿದಳು. ಆಮೇಲೆ ಎಷ್ಟೋ ಸಮಯ ಹೆದ್ದಾರಿ ದಾಟಿ ಕೊಡಪಾನದಲ್ಲಿ ನೀರು ಹೊತ್ತಳು.

ಈಗ ನನ್ನ ಸಿಟ್ಟಿನ ವಿಷಯಕ್ಕೆ ಬರುತ್ತೇನೆ. ಹಾನಿ ಬರೆದುಕೊಳ್ಳಲು ಬಂದವರು ಒಳ್ಳೆಯವರೇ, ಪಾಪ, ಮಾಸ್ಕ್ ಹಾಕಿಕೊಂಡು ಕೆಸರಲ್ಲಿ ನಡೆದು ಬಂದಿದ್ದರು. ಮನೆಗೆ ಆದ ಹಾನಿ ಬರೆದರು. ಹೋದ ಮರ ಬರೆದರು. ಹೋದ ಜಾಗ? ಅದನ್ನು ಬರೆಯಲು ಕಾಲಂ ಇಲ್ಲ. ಕೇಂದ್ರದ ವಿಪತ್ತು ಪರಿಹಾರದ ಪಟ್ಟಿಯಲ್ಲಿ ಆಗ ಚಂಡಮಾರುತ ಇತ್ತು, ನೆರೆ, ಬರ, ಸುನಾಮಿ, ಆಲಿಕಲ್ಲು, ಕೀಟಬಾಧೆ ಕೂಡ ಇತ್ತು. ಕಡಲ್ಕೊರೆತ ಇರಲಿಲ್ಲ. ಗಾಳಿಗೆ ಹಂಚು ಹಾರಿದರೆ ಅದು ವಿಪತ್ತು. ಹಂಚು ಹೊತ್ತ ಮನೆಯ ಅಡಿಯ ನೆಲವೇ ಕಡಲಿಗೆ ಹೋದರೆ ಅದು ವಿಪತ್ತಲ್ಲ. 1990ರಿಂದ 2018ರವರೆಗಿನ ಅಳತೆಯಲ್ಲಿ ದೇಶದ ಕರಾವಳಿಯ ಸುಮಾರು ಮೂರನೇ ಒಂದು ಭಾಗ ಕೊರೆದು ಹೋಗುತ್ತಿದೆ ಅಂತ ಸರ್ಕಾರದ ಸಂಸ್ಥೆಯೇ ಹೇಳಿದ ಮೇಲೂ ಹೀಗೆ.

ಹಿಂದೆಲ್ಲ ತೂಫಾನು ಅಂದರೆ ಬಂಗಾಳ ಕೊಲ್ಲಿ. ಒಡಿಶಾ, ಆಂಧ್ರದವರ ಪಾಡು. ಅಲ್ಲಿ ನಾಲ್ಕು ಎದ್ದರೆ ಇಲ್ಲಿ ಒಂದು ಅನ್ನುವ ಲೆಕ್ಕ. ಈಗ ಹಾಗಿಲ್ಲ. ಪುಣೆಯ ಉಷ್ಣವಲಯದ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 1982ರಿಂದ 2019ರವರೆಗಿನ ದಾಖಲೆ ನೋಡಿ 2021ರಲ್ಲಿ ಬರೆದದ್ದು ಇದು: ಮೊದಲ ಎರಡು ದಶಕಕ್ಕೆ ಹೋಲಿಸಿದರೆ 2001ರಿಂದ ಈಚೆಗೆ ಅರಬ್ಬಿ ಸಮುದ್ರದಲ್ಲಿ ಚಂಡಮಾರುತಗಳು ಶೇ. 52 ಜಾಸ್ತಿ, ಅತಿ ತೀವ್ರವಾದವು ಶೇ. 150 ಜಾಸ್ತಿ. ಬಂಗಾಳ ಕೊಲ್ಲಿಯಲ್ಲಿ ಶೇ. 8 ಕಡಿಮೆ. ಕಾರಣ ಬಿಸಿ ನೀರು. ತೂಫಾನು ಏಳಲು ಸಮುದ್ರದ ಮೇಲ್ಭಾಗ ಸುಮಾರು 27 ಡಿಗ್ರಿ ಇದ್ದರೆ ಸಾಕು, ಆ ಮೇ ತಿಂಗಳಲ್ಲಿ ಇಲ್ಲಿ 30 ದಾಟಿತ್ತು. ಹಾಗಾಗಿಯೇ ಶನಿವಾರ ಸಾಧಾರಣ ಚಂಡಮಾರುತ ಆಗಿದ್ದದ್ದು ಸೋಮವಾರದ ಹೊತ್ತಿಗೆ ರಾಕ್ಷಸ ಆಗಿತ್ತು.

ನೆನಪಿಂದಲೇ ಎಣಿಸಿ ನೋಡಿ. 2017ರ ಓಖಿ. 2019ರಲ್ಲಿ ಕ್ಯಾರ್, ಅದರ ಬೆನ್ನಿಗೇ ಮಹಾ, ಎರಡೂ ಒಟ್ಟೊಟ್ಟಿಗೆ ಕಡಲಲ್ಲಿ. 2020ರಲ್ಲಿ ನಿಸರ್ಗ, 2021ರಲ್ಲಿ ತೌಕ್ತೆ, 2023ರಲ್ಲಿ ಬಿಪರ್ಜಾಯ್. ಒಂದಾದರೂ ಕರ್ನಾಟಕದಲ್ಲಿ ನೆಲ ಮುಟ್ಟಿತಾ? ಇಲ್ಲ. ಹಾಗಂತ ಉಳ್ಳಾಲ, ಉಚ್ಚಿಲ, ಬಟ್ಟಪ್ಪಾಡಿ ಕಡೆಯವರನ್ನು ಕೇಳಿ, ಯಾವ ತೂಫಾನಿಗೆ ಯಾವ ಮನೆ ಹೋಯಿತು ಅಂತ ವರ್ಷದ ಸಮೇತ ಹೇಳುತ್ತಾರೆ. ನಮ್ಮ ಕರಾವಳಿಗೆ ತೂಫಾನು ಬರುವ ರೀತಿಯೇ ಇದು, ದೂರದಿಂದ. ಎಚ್ಚರಿಕೆ, ಪರಿಹಾರ, ತಯಾರಿ ಎಲ್ಲವೂ ನೇರ ಬಡಿಯುವುದನ್ನು ಲೆಕ್ಕ ಹಾಕಿ ಮಾಡಿದರೆ ನಾವು ಯಾವತ್ತೂ ಆ ಲೆಕ್ಕಕ್ಕೆ ಬರುವುದಿಲ್ಲ.

ಇನ್ನೊಂದು ತಾಪತ್ರಯ ತಾರೀಕಿನದು. ನಮ್ಮ ಕಡೆ ಎಲ್ಲ ಕೆಲಸಕ್ಕೂ ಒಂದು ಗಡುವು ಇದೆ. ಹಂಚು ಕೈಯಾಡಿಸುವುದು, ಕಟ್ಟಿಗೆ ಒಳಗೆ ಹಾಕುವುದು, ಹಪ್ಪಳ ಸಂಡಿಗೆ ಒಣಗಿಸುವುದು, ಎಲ್ಲ ಮೇ ಮುಗಿಯುವುದರೊಳಗೆ. ತುಳುನಾಡಿನವರಿಗೆ ಪತ್ತನಾಜೆ, ಮೇ 24ರ ಆಸುಪಾಸು, ಅವತ್ತಿಗೆ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ಯಾಂತ್ರಿಕ ಬೋಟಿನವರಿಗೆ ಜೂನ್ 1ರಿಂದ ಜುಲೈ 31ರವರೆಗೆ ರಜೆ. ಮಳೆ ಈ ಒಪ್ಪಂದಕ್ಕೆ ಸಹಿ ಹಾಕಿಲ್ಲ ಅನ್ನುವುದು ಈಗ ಗೊತ್ತಾಗುತ್ತಿದೆ. 2023ರಲ್ಲಿ ಬಿಪರ್ಜಾಯ್ ಕಡಲಲ್ಲಿ ಸುತ್ತಾಡುತ್ತಿದ್ದಾಗ ಮುಂಗಾರು ಕೇರಳ ಮುಟ್ಟಿದ್ದೇ ಜೂನ್ 8ಕ್ಕೆ, ಬಾವಿಯೆಲ್ಲ ತಳ ಕಂಡಿತ್ತು. 2025ರಲ್ಲಿ ಮೇ 24ಕ್ಕೇ ಕೇರಳಕ್ಕೂ ಬಂತು, ಇಲ್ಲಿಗೂ ಬಂತು. ಇವುಗಳ ಜೊತೆ 2020ರ ಸೆಪ್ಟೆಂಬರ್‌ನಲ್ಲಿ ಉಡುಪಿ ಮುಳುಗಿದ್ದು, 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಗೆ ಬಿದ್ದದ್ದು ಸೇರಿಸಿ. ಗುಡ್ಡ ಬೀಳಲು ಮಳೆ ಒಂದೇ ಕಾರಣ ಅಲ್ಲ, ರಸ್ತೆಗೆ ಅಂತ ಗುಡ್ಡದ ಬುಡ ಕಡಿದದ್ದೂ ಇದೆ. ಆದರೆ ಒಂದೇ ದಿನದಲ್ಲಿ ತಿಂಗಳ ಮಳೆ ಸುರಿದರೆ ಮೊದಲು ಜಾರುವುದು ಅಂಥ ಕಡಿದ ಜಾಗವೇ ಅಲ್ವಾ?

ಕಲ್ಲು ಹಾಕಿ ಅನ್ನುವುದು ಸುಲಭ. ನಾವೂ ಅದನ್ನೇ ಕೇಳುತ್ತೇವೆ, ಮನೆ ಹೋಗುವವನು ಇನ್ನೇನು ಕೇಳಿಯಾನು. ಪ್ರತಿ ವರ್ಷ ಲಾರಿ ಬರುತ್ತದೆ, ಕಲ್ಲು ಸುರಿಯುತ್ತದೆ, ಎರಡು ಮಳೆಗಾಲಕ್ಕೆ ಅದು ಮರಳೊಳಗೆ ಇಳಿಯುತ್ತದೆ. ಮರಳು ದಡದ ಉದ್ದಕ್ಕೂ ಅತ್ತಿತ್ತ ಓಡಾಡುತ್ತಾ ಇರುತ್ತದೆ. ಎಲ್ಲೋ ಒಂದು ಕಡೆ ಅಳಿವೆಬಾಯಿಗೆ ಬ್ರೇಕ್‌ವಾಟರ್, ಅಂದರೆ ಕಡಲೊಳಗೆ ಚಾಚಿದ ಅಲೆ ತಡೆಯುವ ಗೋಡೆ, ಕಟ್ಟಿದರೆ ಒಂದು ಬದಿಗೆ ಮರಳು ತುಂಬುತ್ತದೆ, ಇನ್ನೊಂದು ಬದಿಯ ಊರು ಕೊರೆಯುತ್ತದೆ. ನನ್ನ ಮನೆ ಎದುರು ಕಲ್ಲು ಹಾಕಿದರೆ ಗೋಡೆ ಮುಗಿಯುವ ಕಡೆ ಪಕ್ಕದವನ ಹಿತ್ತಿಲಿಗೆ ಕಂಟಕ. ಇದು ಗೊತ್ತಿದ್ದೇ ಪಕ್ಕಪಕ್ಕದ ಮನೆಯವರು ಕಲ್ಲಿನ ವಿಷಯಕ್ಕೆ ಜಗಳ ಆಡುತ್ತಾರೆ.

ಹಾಗಾದರೆ ಒಳಗೆ ಎಲ್ಲಾದರೂ ಮನೆ ಕಟ್ಟಿಕೊಳ್ಳಬಾರದಾ ಅಂತ ನಾನೇ ಒಮ್ಮೆ ಕೇಳಿದೆ. ಚಿಕ್ಕಪ್ಪ ಬೈಯಲಿಲ್ಲ, ಲೆಕ್ಕ ಹೇಳಿದರು. ನಾಡದೋಣಿಯ ಮೀನುಗಾರಿಕೆ ಇರುವುದೇ ಮಳೆಗಾಲದಲ್ಲಿ, ದೊಡ್ಡ ಬೋಟುಗಳು ನಿಂತ ಮೇಲೆ. ಬೆಳಗಿನ ಜಾವ ಎದ್ದು ಕಡಲಿನ ಮೋರೆ ನೋಡಿ ಇವತ್ತು ಇಳಿಯಬಹುದಾ ಇಲ್ಲವಾ ಅಂತ ತೀರ್ಮಾನ ಮಾಡಬೇಕು. ಮೀನಿನ ತಂಡ ಕಂಡರೆ ಹತ್ತು ನಿಮಿಷದಲ್ಲಿ ಜನ ಕೂಡಬೇಕು. ರಾತ್ರಿ ಅಲೆ ಎದ್ದರೆ ದೋಣಿ ಮೇಲೆ ಎಳೆಯಬೇಕು, ಎಂಜಿನ್ ಕಾಯಬೇಕು. "ನಾಕ್ ಮೈಲಿ ಆಚಿಗ್ ಮನಿ ಕಟ್ಟಿ, ಅಲ್ಲಿ ಕೂಕಂಡ್ ಎಂತ ಮಾಡೂದ್ ಮರ್ರೆ?" ಅಂದರು. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಪುನರ್ವಸತಿ ಅಂತ ಯೋಜನೆ ಬರೆಯುವವರು ಸೈಟಿನ ಜೊತೆ ದೋಣಿಯ ಜಾಗವನ್ನೂ ಯೋಚಿಸಬೇಕು, ಇಲ್ಲದಿದ್ದರೆ ಆ ಮನೆಗೆ ಯಾರೂ ಹೋಗುವುದಿಲ್ಲ, ಹೋದವರೂ ವಾಪಸ್ ಬರುತ್ತಾರೆ.

ಚಿಕ್ಕಿಯ ಮನೆಯ ಮುಂದಿನ ಅರ್ಧಕ್ಕೆ ಹಿಂದೆ ಹೊಸ ಗೋಡೆ ಎಬ್ಬಿಸಿದ್ದಾರೆ. ಅಡುಗೆಮನೆ ಈಗ ಚಾವಡಿಯಲ್ಲಿ. ಕಡಲ ಕಡೆ ಕಿಟಕಿ ಇಟ್ಟಿಲ್ಲ, ಗಾಳಿಗೆ ಅಂತಲ್ಲ, ಸಿಮೆಂಟು ಸಾಲಲಿಲ್ಲ ಅಷ್ಟೇ. ಕಾಗದಪತ್ರದ ಪ್ಲಾಸ್ಟಿಕ್ ತೊಟ್ಟೆ ಬಾಗಿಲ ಹಿಂದಿನ ಮೊಳೆಯಲ್ಲಿ ವರ್ಷವಿಡೀ ನೇತಾಡುತ್ತಿರುತ್ತದೆ. ಹಂಚು ಕೈಯಾಡಿಸುವುದನ್ನು ಏಪ್ರಿಲ್‌ನಲ್ಲೇ ಮಾಡಿಸಬೇಕು ಅಂತ ನಮ್ಮ ಕೇರಿಯಲ್ಲಿ ಎಲ್ಲರೂ ಮಾತಾಡಿಕೊಂಡಿದ್ದೇವೆ. ಆ ಕೆಲಸ ಬಲ್ಲವರು ಈಗ ಸಿಗುವುದೇ ಅಪರೂಪ, ಸಿಕ್ಕವರಿಗೆ ಅದೇ ತಿಂಗಳು ಎಲ್ಲರ ಮನೆಯಿಂದಲೂ ಫೋನು. ಈ ಸಲ ಯಾರಿಗಾದರೂ ಬಿಡುವಿದ್ದರೆ ದಯವಿಟ್ಟು ಹೇಳಿ, ಎರಡು ಮನೆಯ ಕೆಲಸ ಇದೆ.